ಹಳೆ ಲ್ಯಾಪ್‌ಟಾಪಿಗೆ ಯಾವ ವಿಂಡೋ ಮ್ಯಾನೇಜರ್? ಆರಿಸಿ, ಹಾಕಿ, ಪಳಗಿಸಿಕೊಳ್ಳುವ ಬಗೆ

4 ಜಿಬಿ ರ್‍ಯಾಮ್ ಇರುವ ಹಳೆ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ಮತ್ತು ಅದರ ಗ್ನೋಮ್ ಡೆಸ್ಕ್‌ಟಾಪ್ ಹಾಕಿ ಲಾಗಿನ್ ಆಗಿ. ಏನನ್ನೂ ತೆರೆಯದೆ ಸುಮ್ಮನೆ ಬಿಟ್ಟರೂ ಸುಮಾರು 1 ಜಿಬಿ ಆಗಲೇ ಖರ್ಚಾಗಿರುತ್ತದೆ. ಅದೇ ಡೆಬಿಯನ್ ಮೇಲೆ ಗ್ನೋಮ್ ಬದಲು ಬರೀ ಒಂದು ವಿಂಡೋ ಮ್ಯಾನೇಜರ್ (ವಿಂಡೋಗಳನ್ನು ಎಲ್ಲಿ, ಹೇಗೆ ಇಡಬೇಕೆಂದು ನೋಡಿಕೊಳ್ಳುವ ಪುಟ್ಟ ಪ್ರೋಗ್ರಾಂ) ಇದ್ದರೆ ಖರ್ಚು 300–400 ಎಂಬಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದದ್ದೆಲ್ಲ ಬ್ರೌಸರಿನ ಪಾಲಿಗೆ. 2 ಜಿಬಿ ಯಂತ್ರದಲ್ಲಂತೂ ಅದು ಕೆಲಸಕ್ಕೆ ಬರುತ್ತದೋ ಅಟ್ಟ ಸೇರುತ್ತದೋ ಎಂಬುದನ್ನು ತೀರ್ಮಾನಿಸುವುದು ಈ ಉಳಿತಾಯವೇ.

ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ವಿಂಡೋ ಮ್ಯಾನೇಜರ್ ಹಗುರವಾಗಿರುವುದು ಅದು ಕಡಿಮೆ ಕೆಲಸ ಮಾಡುವುದರಿಂದ. ವೈಫೈ ಐಕಾನ್, ಬ್ಯಾಟರಿ ಇಳಿದಾಗಿನ ಎಚ್ಚರಿಕೆ, ಚುಚ್ಚಿದೊಡನೆ ತೆರೆದುಕೊಳ್ಳುವ ಪೆನ್‌ಡ್ರೈವ್, ಮುಚ್ಚಳ ಮುಚ್ಚಿದರೆ ಬೀಳುವ ಬೀಗ, ಕನ್ನಡ ಕೀಲಿಮಣೆ: ಇವನ್ನೆಲ್ಲ ಗ್ನೋಮ್ ನಮ್ಮ ಗಮನಕ್ಕೇ ಬಾರದಂತೆ ನೋಡಿಕೊಳ್ಳುತ್ತಿರುತ್ತದೆ. ಅದನ್ನು ಬಿಟ್ಟ ದಿನದಿಂದ ಈ ಕೆಲಸಗಳೆಲ್ಲ ನಿಮ್ಮ ತಲೆಗೆ ಬರುತ್ತವೆ. ಹಾಗಾಗಿ ಯಾವುದು ಎಲ್ಲಕ್ಕಿಂತ ಕಡಿಮೆ ಮೆಮೊರಿ ತಿನ್ನುತ್ತದೆ ಎಂದು ಹುಡುಕುತ್ತ ಕೂರಬೇಡಿ. ಹಗುರ ಮ್ಯಾನೇಜರುಗಳ ನಡುವಿನ ವ್ಯತ್ಯಾಸ ಹತ್ತಿಪ್ಪತ್ತು ಎಂಬಿ. ಬ್ರೌಸರಿನ ಒಂದೇ ಟ್ಯಾಬ್ ಅದಕ್ಕಿಂತ ಹೆಚ್ಚು ನುಂಗುತ್ತದೆ. ಕೇಳಿಕೊಳ್ಳಬೇಕಾದದ್ದು ಬೇರೆ: ಬಿಟ್ಟುಹೋಗುವ ಕೆಲಸಗಳಲ್ಲಿ ಎಷ್ಟನ್ನು ನಾನೇ ಜೋಡಿಸಿಕೊಳ್ಳಬಲ್ಲೆ, ಆ ಯಂತ್ರದ ಮುಂದೆ ದಿನವೂ ಕೂರುವವರು ಯಾರು?

ಇಲ್ಲಿರುವ ಹಂತಗಳು ಡೆಬಿಯನ್ 12 ಮತ್ತು 13ನ್ನು ಎದುರಿಗಿಟ್ಟುಕೊಂಡು ಬರೆದವು. ಉಬುಂಟು, ಮಿಂಟ್‌ಗಳಲ್ಲೂ ಬಹುಪಾಲು ಹೀಗೇ ನಡೆಯುತ್ತದೆ. ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಓದುವ ಹಾಗೆ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ.

ಮೊದಲು ಯಂತ್ರವನ್ನು ಅಳೆಯಿರಿ

ಯಂತ್ರ ಆನ್ ಮಾಡಿ, ಲಾಗಿನ್ ಆಗಿ, ಎರಡು ಮೂರು ನಿಮಿಷ ಬಿಡಿ. ಆಮೇಲೆ ಟರ್ಮಿನಲ್ ತೆರೆದು "ಫ್ರೀ -ಎಚ್" ಕೊಡಿ. ಅಲ್ಲಿ "ಫ್ರೀ" ಎಂಬ ಕಾಲಂ ನೋಡಿ ಹೆದರಬೇಡಿ. ಖಾಲಿ ಮೆಮೊರಿಯನ್ನು ಲಿನಕ್ಸಿನ ತಿರುಳಾದ ಕರ್ನೆಲ್ ಡಿಸ್ಕಿನ ಕ್ಯಾಶಿಗೆ ಬಳಸಿಕೊಳ್ಳುವುದರಿಂದ ಆ ಸಂಖ್ಯೆ ಯಾವಾಗಲೂ ಕಡಿಮೆಯೇ ಇರುತ್ತದೆ. ನೋಡಬೇಕಾದದ್ದು ಕೊನೆಯ "ಅವೈಲಬಲ್" ಕಾಲಂ. ಆ ಸಂಖ್ಯೆಯನ್ನು ಒಂದು ಕಡೆ ಬರೆದಿಡಿ. ಬದಲಾವಣೆ ಮಾಡಿದ ಮೇಲೆ ಇದೇ ರೀತಿ ಅಳೆದು ಹೋಲಿಸದಿದ್ದರೆ ಎಷ್ಟು ಉಳಿಯಿತೆಂದು ಗೊತ್ತಾಗುವುದಿಲ್ಲ.

ಮುಂದಿನದು ಗ್ರಾಫಿಕ್ಸ್. "ಮೆಸಾ-ಯುಟಿಲ್ಸ್" ಪ್ಯಾಕೇಜ್ ಹಾಕಿ "ಜಿಎಲ್‌ಎಕ್ಸ್‌ಇನ್ಫೊ -ಬಿ" ಕೊಡಿ. ಇಲ್ಲಿನ ಬಿ ದೊಡ್ಡಕ್ಷರ. ರೆಂಡರರ್ ಎಂಬ ಸಾಲಿನಲ್ಲಿ ಇಂಟೆಲ್, ಎಎಂಡಿ ಎಂದಿದ್ದರೆ ಸರಿ. "ಎಲ್‌ಎಲ್‌ವಿಎಂಪೈಪ್" ಎಂದಿದ್ದರೆ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಸಿಪಿಯು ಮಾಡುತ್ತಿದೆ ಎಂದರ್ಥ. ಅಂಥ ಯಂತ್ರದಲ್ಲಿ ಗ್ನೋಮ್ ತೆವಳುವುದಕ್ಕೆ ಕಾರಣ ರ್‍ಯಾಮ್ ಅಲ್ಲ, ಇದು. ಅಲ್ಲಿ ಎಕ್ಸ್ (ಪರದೆ, ಕೀಬೋರ್ಡ್ ನೋಡಿಕೊಳ್ಳುವ ಹಳೆಯ ವ್ಯವಸ್ಥೆ) ಮೇಲೆ ಓಡುವ, ನೆರಳು, ಪಾರದರ್ಶಕತೆ ಯಾವುದೂ ಇಲ್ಲದ ವಿಂಡೋ ಮ್ಯಾನೇಜರ್ ಹಾಕಿದರೆ ಮೊದಲ ದಿನವೇ ವ್ಯತ್ಯಾಸ ಕಾಣುತ್ತದೆ.

"ಎಲ್‌ಎಸ್‌ಸಿಪಿಯು" ಕೊಟ್ಟು ಸಿಪಿಯು 64 ಬಿಟ್ಟೋ 32 ಬಿಟ್ಟೋ ನೋಡಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೂ ಇಲ್ಲ, ಕರ್ನೆಲ್ಲೂ ಇಲ್ಲ. ಅಂಥ ಯಂತ್ರಕ್ಕೆ ಡೆಬಿಯನ್ 12, ಇಲ್ಲವೇ ಅದನ್ನೇ ಆಧರಿಸಿದ ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿ ಹಾಕಿ. ಆಂಟಿಎಕ್ಸ್ ಐಸ್‌ಡಬ್ಲ್ಯುಎಂ ಎಂಬ ವಿಂಡೋ ಮ್ಯಾನೇಜರ್ ಜೊತೆಗೇ ಬರುತ್ತದೆ, ಆರಿಸುವ ಕೆಲಸವೂ ಉಳಿಯುತ್ತದೆ.

ಇನ್ನೊಂದು: ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಬ್ರೌಸರ್ ತೆರೆಯಲು ಅರ್ಧ ನಿಮಿಷ ಹಿಡಿಯುವುದು ಡಿಸ್ಕಿನ ತೊಂದರೆ. ವಿಂಡೋ ಮ್ಯಾನೇಜರ್ ಬದಲಿಸಿದರೆ ಅದು ಹೋಗುವುದಿಲ್ಲ.

ಎಕ್ಸೋ ವೇಲ್ಯಾಂಡೋ

ಎಕ್ಸ್ ವಿಂಡೋ ಸಿಸ್ಟಂ 1984ರಲ್ಲಿ ಎಂಐಟಿಯಲ್ಲಿ ಹುಟ್ಟಿತು. ಇಂದಿಗೂ ಬಳಸುವ ಅದರ 11ನೇ ಆವೃತ್ತಿ 1987ರದ್ದು. ಅದರಲ್ಲಿ ಪರದೆ, ಕೀಬೋರ್ಡ್, ಮೌಸನ್ನು ನೋಡಿಕೊಳ್ಳುವುದು ಎಕ್ಸ್ ಸರ್ವರ್. ವಿಂಡೋಗಳನ್ನು ಎಲ್ಲಿಡಬೇಕು, ಅಂಚು ಹೇಗಿರಬೇಕು, ಯಾವುದು ಮುಂದೆ ಬರಬೇಕು ಎಂದು ನಿರ್ಧರಿಸುವುದು ಬೇರೆಯದೇ ಒಂದು ಪುಟ್ಟ ಪ್ರೋಗ್ರಾಂ. ಅದೇ ವಿಂಡೋ ಮ್ಯಾನೇಜರ್. ಎರಡೂ ಬೇರೆ ಬೇರೆ ಇರುವುದರಿಂದಲೇ ಒಂದನ್ನು ತೆಗೆದು ಇನ್ನೊಂದನ್ನು ಹಾಕಲು ಬರುತ್ತದೆ. 2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ಈ ಎರಡು ಕೆಲಸಗಳೂ ಕಾಂಪೊಸಿಟರ್ ಎಂಬ ಒಂದೇ ಪ್ರೋಗ್ರಾಮಿನೊಳಗೆ ಸೇರಿವೆ.

ಆರಿಸುವಾಗ ಇಷ್ಟು ನೆನಪಿದ್ದರೆ ಸಾಕು. ಗ್ರಾಫಿಕ್ಸ್ ಡ್ರೈವರ್ ಸರಿಯಾಗಿದ್ದು, ಎರಡು ಮಾನಿಟರುಗಳಿಗೆ ಬೇರೆ ಬೇರೆ ಸ್ಕೇಲಿಂಗ್ ಬೇಕಿದ್ದರೆ ವೇಲ್ಯಾಂಡ್ ಒಳ್ಳೆಯದು. ಹತ್ತು ವರ್ಷ ಹಳೆಯ ಯಂತ್ರ, ಎನ್‌ವಿಡಿಯಾದ ಹಳೆ ಡ್ರೈವರ್, ಐಬಸ್ ಎಂಬ ಕೀಲಿಮಣೆ ತಂತ್ರಾಂಶದ ಮೂಲಕ ಕನ್ನಡ ಬೆರಳಚ್ಚು: ಇವುಗಳಲ್ಲಿ ಒಂದಿದ್ದರೂ ಸದ್ಯಕ್ಕೆ ಎಕ್ಸೇ ನೆಮ್ಮದಿ.

ಯಾರಿಗೆ ಯಾವುದು

ಮನೆಯವರೆಲ್ಲ ಬಳಸುವ ಯಂತ್ರವಾದರೆ ಹೆಚ್ಚು ಯೋಚಿಸಬೇಡಿ, ಐಸ್‌ಡಬ್ಲ್ಯುಎಂ ಹಾಕಿ. 1997ರಿಂದ ಇದೆ, ಇಂದಿಗೂ ಹೊಸ ಆವೃತ್ತಿಗಳು ಬರುತ್ತಿವೆ. ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಮತ್ತು ಸಿಸ್ಟಂ ಟ್ರೇ, ಎಲ್ಲವೂ ಅದರೊಳಗೇ ಇವೆ. ವಿಂಡೋಸ್ ಬಳಸಿ ಗೊತ್ತಿರುವ ಅಮ್ಮನಿಗೋ ಅಜ್ಜನಿಗೋ ಹೊಸದಾಗಿ ಏನನ್ನೂ ಹೇಳಿಕೊಡಬೇಕಿಲ್ಲ. ಇದರ ಫೈಲುಗಳು ಹೋಂ ಫೋಲ್ಡರಿನ ".ಐಸ್‌ಡಬ್ಲ್ಯುಎಂ" ಒಳಗೆ: "ಪ್ರಿಫರೆನ್ಸಸ್", "ಕೀಸ್", "ಮೆನು", "ಸ್ಟಾರ್ಟಪ್". ಜನ ಎಡವುವುದು ಕೊನೆಯದರಲ್ಲಿ. "ಸ್ಟಾರ್ಟಪ್" ಫೈಲಿಗೆ "ಸಿಎಚ್‌ಮಾಡ್ +ಎಕ್ಸ್" ಮಾಡಿ ಓಡಿಸುವ ಅನುಮತಿ ಕೊಡದಿದ್ದರೆ ಐಸ್‌ಡಬ್ಲ್ಯುಎಂ ಅದನ್ನು ಮುಟ್ಟುವುದೇ ಇಲ್ಲ, ದೋಷವನ್ನೂ ಹೇಳುವುದಿಲ್ಲ. ಲಾಗಿನ್ ಪರದೆಯಲ್ಲೂ "ಐಸ್‌ಡಬ್ಲ್ಯುಎಂ ಸೆಷನ್" ಎಂಬುದನ್ನೇ ಆರಿಸಿ. ಬರೀ ಐಸ್‌ಡಬ್ಲ್ಯುಎಂ ಓಡಿಸಿದರೆ ಆ ಫೈಲ್ ಓಡುವುದಿಲ್ಲ.

ಬಿಡಿ ಭಾಗಗಳನ್ನು ತಾವೇ ಆರಿಸಿ ಜೋಡಿಸುವ ಇಷ್ಟ ಇದ್ದವರಿಗೆ ಓಪನ್‌ಬಾಕ್ಸ್. ಮೊದಲ ಸಲ ಲಾಗಿನ್ ಆದಾಗ ಖಾಲಿ ಪರದೆ, ಒಂದು ಮೌಸ್ ಬಾಣ, ಅಷ್ಟೇ. ಕೆಟ್ಟುಹೋಯಿತು ಅಂದುಕೊಂಡು ಹಲವರು ಇಲ್ಲೇ ಹಿಂದಿರುಗುತ್ತಾರೆ. ಬಲ ಗುಂಡಿ ಒತ್ತಿ, ಮೆನು ಬರುತ್ತದೆ. ಓಪನ್‌ಬಾಕ್ಸಿನ 3.6.1 ಆವೃತ್ತಿ 2015ರದ್ದು. ಆಮೇಲೆ ಹೊಸ ಆವೃತ್ತಿ ಬಂದಿಲ್ಲವೆಂದು ಕೆಲವರು ದೂರ ಇಡುತ್ತಾರೆ. ಎಕ್ಸ್ ಮೇಲೆ ಅದು ಮಾಡಬೇಕಾದ ಕೆಲಸ ಅಷ್ಟರೊಳಗೇ ಪೂರ್ಣವಾಗಿತ್ತು, ಆ ಕಾರಣಕ್ಕೆ ಅದನ್ನು ಬಿಡಬೇಕಿಲ್ಲ.

ಫ್ಲಕ್ಸ್‌ಬಾಕ್ಸ್ ಇದರ ನೆಂಟ. ಎಂಎಕ್ಸ್ ಲಿನಕ್ಸಿನಲ್ಲಿ ಅದರ ಸಿದ್ಧ ಆವೃತ್ತಿ ಸಿಗುತ್ತದೆ. ಪಪ್ಪಿ ಲಿನಕ್ಸಿನಲ್ಲಿ ಕಾಣುವ ಜೆಡಬ್ಲ್ಯುಎಂ ಇನ್ನೂ ಚಿಕ್ಕದು. ಅದರ ".ಜೆಡಬ್ಲ್ಯುಎಂಆರ್‌ಸಿ" ತಿದ್ದಿದ ಮೇಲೆ "ಜೆಡಬ್ಲ್ಯುಎಂ -ಪಿ" ಕೊಟ್ಟರೆ ತಪ್ಪು ಯಾವ ಸಾಲಿನಲ್ಲಿದೆಯೆಂದು ತಿಳಿಯುತ್ತದೆ.

ಇಡೀ ದಿನ ಟರ್ಮಿನಲ್, ಎಡಿಟರ್, ಬ್ರೌಸರ್ ಮೂರರಲ್ಲೇ ಕಳೆಯುವವರಿಗೆ ಐ3. 2009ರಿಂದ ಇದೆ. ಇದರಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳುವುದಿಲ್ಲ. ಪರದೆಯನ್ನು ಹೆಂಚು ಹೊದಿಸಿದ ಹಾಗೆ ಹಂಚಿಕೊಳ್ಳುತ್ತವೆ. ಮೊದಲ ಸಲ ಓಡಿಸಿದಾಗ ಮುಖ್ಯ ಕೀಲಿ ವಿನ್ ಇರಲೋ ಆಲ್ಟ್ ಇರಲೋ ಎಂದು ಕೇಳುತ್ತದೆ. ವಿನ್ ಎನ್ನಿ. ಆಲ್ಟ್ ಎಂದರೆ ಬ್ರೌಸರ್, ಲಿಬ್ರೆಆಫೀಸಿನ ಶಾರ್ಟ್‌ಕಟ್‌ಗಳ ಜೊತೆ ದಿನವೂ ಜಟಾಪಟಿ. ವಿನ್+ಎಂಟರ್ ಒತ್ತಿದರೆ ಟರ್ಮಿನಲ್, ವಿನ್+ಡಿ ಒತ್ತಿದರೆ ಪ್ರೋಗ್ರಾಂ ಹುಡುಕಾಟ, ವಿನ್+ಶಿಫ್ಟ್+ಕ್ಯು ಒತ್ತಿದರೆ ವಿಂಡೋ ಮುಚ್ಚುತ್ತದೆ, ವಿನ್+ಶಿಫ್ಟ್+ಇ ಒತ್ತಿದರೆ ಹೊರಗೆ. ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ, ಒಂದು ವಾರ ಕೊಡಿ. ಅಷ್ಟರಲ್ಲಿ ಕೈಗೆ ಹತ್ತದಿದ್ದರೆ ಒತ್ತಾಯ ಬೇಡ. 1366×768ರ ಚಿಕ್ಕ ಪರದೆಯಲ್ಲಿ ಎರಡಕ್ಕಿಂತ ಹೆಚ್ಚು ವಿಂಡೋ ಹಂಚಿದರೆ ಯಾವುದನ್ನೂ ಓದಲಾಗುವುದಿಲ್ಲ. ಆಗ ವಿನ್+ಡಬ್ಲ್ಯು ಒತ್ತಿ ಟ್ಯಾಬ್ ರೂಪಕ್ಕೆ ಬನ್ನಿ, ಇಡೀ ಪರದೆ ಒಂದೊಂದಕ್ಕೇ ಸಿಗುತ್ತದೆ.

ಡಿಡಬ್ಲ್ಯುಎಂ ಎಂಬ ಮ್ಯಾನೇಜರ್ ಬಗ್ಗೆ ನೇರವಾಗಿ ಹೇಳುವುದಾದರೆ, ಸಿ ಭಾಷೆ ಓದಲು ಬಾರದವರು ಅದರ ಗೊಡವೆಗೆ ಹೋಗಬಾರದು. ಅದಕ್ಕೆ ಸೆಟ್ಟಿಂಗ್ ಫೈಲೇ ಇಲ್ಲ. "ಕಾನ್ಫಿಗ್.ಎಚ್" ತಿದ್ದಿ, ಮತ್ತೆ ಕಂಪೈಲ್ ಮಾಡಿ, ಮತ್ತೆ ಹಾಕಬೇಕು. ಹೊಸಬರು ಆಲ್ಟ್+ಶಿಫ್ಟ್+ಎಂಟರ್ ಒತ್ತಿ ಒತ್ತಿ ಏನೂ ಆಗಲಿಲ್ಲ ಎಂದು ಕೈಚೆಲ್ಲುವುದು ಮಾಮೂಲು. ಆ ಕೀಲಿ ತೆರೆಯಬೇಕಾದ "ಎಸ್‌ಟಿ" ಟರ್ಮಿನಲ್ ಯಂತ್ರದಲ್ಲಿ ಇರುವುದೇ ಇಲ್ಲ, ಅದಕ್ಕೆ.

ವೇಲ್ಯಾಂಡ್ ಕಡೆ ಐ3ಗೆ ಬದಲಿ ಸ್ವೇ, ಓಪನ್‌ಬಾಕ್ಸಿಗೆ ಬದಲಿ ಲ್ಯಾಬ್‌ಡಬ್ಲ್ಯುಸಿ. ಲ್ಯಾಬ್‌ಡಬ್ಲ್ಯುಸಿ ಹುಡುಗಾಟದ್ದಲ್ಲ: ರಾಸ್ಪ್‌ಬೆರಿ ಪೈ ಓಎಸ್ 2024ರ ಅಕ್ಟೋಬರಿನಿಂದ ಅದನ್ನೇ ಬಳಸುತ್ತಿದೆ. ಓಪನ್‌ಬಾಕ್ಸಿನ "ಆರ್‌ಸಿ.ಎಕ್ಸ್‌ಎಂಎಲ್", "ಮೆನು.ಎಕ್ಸ್‌ಎಂಎಲ್" ಬರೆದು ಗೊತ್ತಿದ್ದರೆ ಅದರ ಫೈಲುಗಳೂ ಅದೇ ಧಾಟಿಯಲ್ಲಿವೆ. ಎನ್‌ವಿಡಿಯಾದ ಮುಚ್ಚಿದ ಡ್ರೈವರ್ ಇದ್ದರೆ ಸ್ವೇ ಶುರುವಾಗಲು ಒಪ್ಪುವುದಿಲ್ಲ. "--ಅನ್‌ಸಪೋರ್ಟೆಡ್-ಜಿಪಿಯು" ಎಂದು ಸೇರಿಸಿ ಓಡಿಸಬಹುದು, ಆದರೆ ಆ ಹೆಸರೇ ಹೇಳುವಂತೆ ಮುಂದಿನ ತೊಂದರೆಗೆ ಯಾರೂ ಹೊಣೆಯಲ್ಲ.

ಇದ್ದದ್ದನ್ನು ತೆಗೆಯದೆ ಹಾಕಿ ನೋಡುವುದು

ಹಳೆ ಡೆಸ್ಕ್‌ಟಾಪ್ ಅಳಿಸಬೇಡಿ. ಅದರ ಪಕ್ಕದಲ್ಲೇ ಹೊಸದನ್ನು ಹಾಕಿ. ಲಾಗ್‌ಔಟ್ ಆಗಿ, ಲಾಗಿನ್ ಪರದೆಯಲ್ಲಿ ಹೆಸರು ಒತ್ತಿದ ಮೇಲೆ ಮೂಲೆಯಲ್ಲಿ ಕಾಣುವ ಹಲ್ಲುಚಕ್ರದ ಗುರುತು ಒತ್ತಿದರೆ ಸೆಷನ್‌ಗಳ ಪಟ್ಟಿ ಬರುತ್ತದೆ. ಬೇಕಾದದ್ದನ್ನು ಆರಿಸಿ. ಇಷ್ಟವಾಗದಿದ್ದರೆ ಮತ್ತೆ ಲಾಗ್‌ಔಟ್, ಮತ್ತೆ ಗ್ನೋಮ್.

ಲಾಗ್‌ಔಟ್ ಕೂಡ ಬೇಡವೆಂದರೆ "ಎಕ್ಸ್‌ಸರ್ವರ್-ಜೆಫಿರ್" ಪ್ಯಾಕೇಜ್ ಹಾಕಿ. ಜೆಫಿರ್ ಎಂಬುದನ್ನು xephyr ಎಂದು ಹೊಡೆಯಿರಿ, ಓಡಿಸುವಾಗ ಮೊದಲ ಅಕ್ಷರ ದೊಡ್ಡದು. ಇದು ಒಂದು ವಿಂಡೋ ಒಳಗೇ ಇನ್ನೊಂದು ಎಕ್ಸ್ ಪರದೆಯನ್ನು ತೆರೆಯುತ್ತದೆ. ಅದನ್ನು ":1" ಎಂಬ ಹೆಸರಿನಲ್ಲಿ 1280×720 ಅಳತೆಗೆ ತೆರೆದು, "ಡಿಸ್‌ಪ್ಲೇ=:1" ಎಂಬುದನ್ನು ದೊಡ್ಡಕ್ಷರದಲ್ಲಿ ಮುಂದಿಟ್ಟು ಓಪನ್‌ಬಾಕ್ಸನ್ನೋ ಐ3ಯನ್ನೋ ಓಡಿಸಿದರೆ ಅದು ಆ ಪೆಟ್ಟಿಗೆಯೊಳಗೆ ಓಡುತ್ತದೆ. ಸೆಟ್ಟಿಂಗ್ ತಿದ್ದಿ ತಿದ್ದಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಓಪನ್‌ಬಾಕ್ಸ್ ಜೋಡಣೆ, ಒಂದೊಂದೇ ಸಾಲು

ಬಿಟ್ಟುಹೋದ ಕೆಲಸಗಳೆಲ್ಲ ಓಪನ್‌ಬಾಕ್ಸಿನಲ್ಲಿ ಬೆತ್ತಲಾಗಿ ಕಾಣುವುದರಿಂದ ಇದನ್ನೇ ಉದಾಹರಣೆಯಾಗಿ ಹಿಡಿಯೋಣ. ಬೇರೆ ಮ್ಯಾನೇಜರಿಗೂ ಇದೇ ಪಟ್ಟಿ. ಐಸ್‌ಡಬ್ಲ್ಯುಎಂ ಆದರೆ ಪ್ಯಾನೆಲ್ ಒಂದು ಬೇಡ.

ಆಪ್ಟ್ ಮೂಲಕ ಇವನ್ನು ಹಾಕಿ: ಓಪನ್‌ಬಾಕ್ಸ್, ಆಬ್‌ಕಾನ್ಫ್, ಟಿಂಟ್2 (ಪ್ಯಾನೆಲ್), ರೋಫಿ (ಪ್ರೋಗ್ರಾಂ ಹುಡುಕಾಟ), ಪಿಸಿಮ್ಯಾನ್‌ಎಫ್‌ಎಂ, ಎಲ್‌ಎಕ್ಸ್‌ಪೋಲ್‌ಕಿಟ್, ಡನ್‌ಸ್ಟ್, ನೆಟ್‌ವರ್ಕ್-ಮ್ಯಾನೇಜರ್-ಗ್ನೋಮ್, ಎಕ್ಸ್‌ಎಫ್‌ಸಿಇ4-ಪವರ್-ಮ್ಯಾನೇಜರ್, ಯುಡಿಸ್ಕಿ, ಎಕ್ಸ್‌ಎಸ್‌ಎಸ್-ಲಾಕ್, ಐ3ಲಾಕ್, ಪೈಥಾನ್3-ಎಕ್ಸ್‌ಡಿಜಿ. ಆಮೇಲೆ "/ಇಟಿಸಿ/ಎಕ್ಸ್‌ಡಿಜಿ/ಓಪನ್‌ಬಾಕ್ಸ್" ಒಳಗಿನ ಮಾದರಿ ಫೈಲುಗಳನ್ನು ಹೋಂ ಫೋಲ್ಡರಿನ ".ಕಾನ್ಫಿಗ್/ಓಪನ್‌ಬಾಕ್ಸ್" ಒಳಗೆ ನಕಲು ಮಾಡಿ. ಅಲ್ಲಿ "ಆಟೋಸ್ಟಾರ್ಟ್" ಎಂಬ ಫೈಲ್ ತೆರೆದು ಇಷ್ಟು ಬರೆಯಿರಿ:

ಎಲ್‌ಎಕ್ಸ್‌ಪೋಲ್‌ಕಿಟ್ &
ಡನ್‌ಸ್ಟ್ &
ಟಿಂಟ್2 &
ಎನ್‌ಎಂ-ಆ್ಯಪ್ಲೆಟ್ &
ಎಕ್ಸ್‌ಎಫ್‌ಸಿಇ4-ಪವರ್-ಮ್ಯಾನೇಜರ್ &
ಯುಡಿಸ್ಕಿ -ಟಿ &
ಎಕ್ಸ್‌ಎಸ್‌ಎಸ್-ಲಾಕ್ -- ಐ3ಲಾಕ್ &

ಪ್ರತಿ ಸಾಲಿನ ಕೊನೆಯ & ಗುರುತು ಇಲ್ಲಿ ಪ್ರಾಣ. ಅದು ಪ್ರೋಗ್ರಾಮನ್ನು ಹಿನ್ನೆಲೆಗೆ ಕಳಿಸಿ ಮುಂದಿನ ಸಾಲಿಗೆ ಹೋಗು ಎನ್ನುತ್ತದೆ. ಡನ್‌ಸ್ಟ್ ಮುಂದೆ ಅದನ್ನು ಮರೆತಿರಿ ಎನ್ನಿ: ಡನ್‌ಸ್ಟ್ ಮುಗಿಯುವವರೆಗೆ ಕೆಳಗಿನ ಯಾವ ಸಾಲೂ ಓಡುವುದಿಲ್ಲ, ಡನ್‌ಸ್ಟ್ ಮುಗಿಯುವುದೇ ಇಲ್ಲ. ಪ್ಯಾನೆಲ್ ಬಂದಿಲ್ಲ, ವೈಫೈ ಐಕಾನ್ ಇಲ್ಲ ಎಂದಾದಾಗ ಮೊದಲು ಈ ಗುರುತುಗಳನ್ನೇ ಎಣಿಸಿ.

ಎಲ್‌ಎಕ್ಸ್‌ಪೋಲ್‌ಕಿಟ್ ಇಲ್ಲದಿದ್ದರೆ ಜಿಪಾರ್ಟೆಡ್, ಸಿನಾಪ್ಟಿಕ್‌ನಂಥವನ್ನು ಮೆನುವಿನಿಂದ ಒತ್ತಿದಾಗ ಏನೂ ಆಗುವುದಿಲ್ಲ. ಗುಪ್ತಪದ ಕೇಳುವ ಪೆಟ್ಟಿಗೆ ತೋರಿಸುವವರೇ ಇಲ್ಲದ್ದರಿಂದ ಅವು ಸದ್ದಿಲ್ಲದೆ ನಿಂತುಬಿಡುತ್ತವೆ. ಡನ್‌ಸ್ಟ್ ಸೂಚನೆಗಳನ್ನು ತೋರಿಸುತ್ತದೆ. ಯುಡಿಸ್ಕಿ ಪೆನ್‌ಡ್ರೈವನ್ನು ತಾನೇ ಜೋಡಿಸುತ್ತದೆ.

ಪವರ್ ಮ್ಯಾನೇಜರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅದಿಲ್ಲದಿದ್ದರೆ ಬ್ಯಾಟರಿ ಇಳಿಯುತ್ತಿದೆ ಎಂದು ಹೇಳುವವರಿಲ್ಲ. ಬರೆಯುತ್ತಿದ್ದ ಹಾಗೆಯೇ ಪರದೆ ಕಪ್ಪಾಗುತ್ತದೆ, ಉಳಿಸದ ಕೆಲಸ ಹೋಗುತ್ತದೆ. ಪವರ್ ಗುಂಡಿಯದೂ ಅದೇ ಕಥೆ. ಯಾರೂ ಹೊಣೆ ಹೊರದಿದ್ದಾಗ ಹಿನ್ನೆಲೆಯಲ್ಲಿ ಯಂತ್ರ ನಡೆಸುವ ಸಿಸ್ಟಂಡಿ ಆ ಗುಂಡಿಯನ್ನು ನೇರ ಶಟ್‌ಡೌನ್ ಎಂದೇ ಓದುತ್ತದೆ, ಮಗು ಮುಟ್ಟಿದರೂ ಯಂತ್ರ ಬಂದ್. ಪವರ್ ಮ್ಯಾನೇಜರಿನ ಸೆಟ್ಟಿಂಗಿನಲ್ಲಿ ಗುಂಡಿಗೆ "ಕೇಳು" ಎಂದೂ, ಮುಚ್ಚಳ ಮುಚ್ಚಿದರೆ "ಸಸ್ಪೆಂಡ್" ಎಂದೂ ಇಡಿ. ಸಸ್ಪೆಂಡ್ ಆಗುವಾಗ ಬೀಗ ಹಾಕುವುದು ಎಕ್ಸ್‌ಎಸ್‌ಎಸ್-ಲಾಕಿನ ಕೆಲಸ. ಅದಿಲ್ಲದಿದ್ದರೆ ಬಸ್ಸಿನಲ್ಲಿ ಮರೆತುಬಂದ ಲ್ಯಾಪ್‌ಟಾಪನ್ನು ಯಾರು ತೆರೆದರೂ ನಿಮ್ಮ ಮೇಲ್ ಎದುರಿಗೇ ಇರುತ್ತದೆ.

ಲಾಗಿನ್ ಪರದೆಯಲ್ಲಿ "ಓಪನ್‌ಬಾಕ್ಸ್" ಆರಿಸಿದರೆ "ಓಪನ್‌ಬಾಕ್ಸ್-ಸೆಷನ್" ಓಡಿ ಈ ಫೈಲನ್ನು ಓದುತ್ತದೆ. ಕೈಯಾರೆ ಶುರುಮಾಡುವವರು ಬರೀ "ಓಪನ್‌ಬಾಕ್ಸ್" ಎಂದು ಬರೆದರೆ ಆಟೋಸ್ಟಾರ್ಟ್ ಓಡುವುದಿಲ್ಲ. "/ಇಟಿಸಿ/ಎಕ್ಸ್‌ಡಿಜಿ/ಆಟೋಸ್ಟಾರ್ಟ್" ಒಳಗಿರುವ ಪ್ರೋಗ್ರಾಮುಗಳೂ ತಾವಾಗಿ ಶುರುವಾಗಲು ಪೈಥಾನ್3-ಎಕ್ಸ್‌ಡಿಜಿ ಬೇಕು. ಅದರಿಂದ ಒಂದೇ ಐಕಾನ್ ಎರಡು ಸಲ ಕಂಡರೆ ನಿಮ್ಮ ಫೈಲಿನ ಸಾಲನ್ನು ತೆಗೆಯಿರಿ.

ಧ್ವನಿಯ ಕೀಲಿಗಳನ್ನು "ಆರ್‌ಸಿ.ಎಕ್ಸ್‌ಎಂಎಲ್" ಒಳಗೆ ಜೋಡಿಸಬೇಕು. ಕೀಲಿಯ ಹೆಸರು ತಿಳಿಯಲು "ಎಕ್ಸ್‌ಇವಿ" ಓಡಿಸಿ ಆ ಕೀಲಿ ಒತ್ತಿ; ಏರಿಸುವ ಕೀಲಿಗೆ "ಪ್ಯಾಕ್‌ಟಿಎಲ್" ಕಮಾಂಡಿನಿಂದ +5%, ಇಳಿಸುವುದಕ್ಕೆ -5% ಕೊಡಿ. ಈ ಫೈಲಿನಲ್ಲಿ ಒಂದು ಕೋನದ ಆವರಣ ತಪ್ಪಿದರೂ ಇಡೀ ಸೆಟ್ಟಿಂಗ್ ಕೆಡುತ್ತದೆ. ತಿದ್ದಿದ ಮೇಲೆ "ಎಕ್ಸ್‌ಎಂಎಲ್‌ಲಿಂಟ್ --ನೋಔಟ್" ಮೂಲಕ ಪರೀಕ್ಷಿಸಿ, ಏನೂ ಹೇಳದಿದ್ದರೆ "ಓಪನ್‌ಬಾಕ್ಸ್ --ರೀಕಾನ್ಫಿಗರ್" ಕೊಡಿ. ಲಾಗ್‌ಔಟ್ ಬೇಕಿಲ್ಲ.

ಟಚ್‌ಪ್ಯಾಡ್ ಮೇಲೆ ಬೆರಳು ತಟ್ಟಿದರೆ ಕ್ಲಿಕ್ ಆಗುತ್ತಿಲ್ಲವೇ? ಟಚ್‌ಪ್ಯಾಡ್ ಕೆಟ್ಟಿಲ್ಲ. ಲಿಬ್‌ಇನ್‌ಪುಟ್‌ನಲ್ಲಿ (ಟಚ್‌ಪ್ಯಾಡ್ ನೋಡಿಕೊಳ್ಳುವ ಭಾಗ) ತಟ್ಟುವುದು ಮೊದಲಿಗೆ ಆಫ್ ಇರುತ್ತದೆ, ಅದನ್ನು ಆನ್ ಮಾಡಲು ಗ್ನೋಮ್‌ನಲ್ಲಿ ಸೆಟ್ಟಿಂಗ್ ಇತ್ತು. "/ಯುಎಸ್‌ಆರ್/ಶೇರ್/ಎಕ್ಸ್11/ಎಕ್ಸ್‌ಆರ್ಗ್.ಕಾನ್ಫ್.ಡಿ" ಒಳಗಿನ "40-ಲಿಬ್‌ಇನ್‌ಪುಟ್.ಕಾನ್ಫ್" ಫೈಲನ್ನು "/ಇಟಿಸಿ/ಎಕ್ಸ್11" ಅಡಿಯ ಅದೇ ಹೆಸರಿನ ಫೋಲ್ಡರಿಗೆ ನಕಲು ಮಾಡಿ, ಆ ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿ. ಟಚ್‌ಪ್ಯಾಡ್ ಭಾಗದಲ್ಲಿ "ಆಪ್ಷನ್ ಟ್ಯಾಪಿಂಗ್ ಆನ್" ಎಂಬ ಸಾಲು ಸೇರಿಸಿ. ಎಕ್ಸ್11, ಆಪ್ಷನ್, ಟ್ಯಾಪಿಂಗ್ ಮೂರರ ಮೊದಲ ಅಕ್ಷರ ದೊಡ್ಡದು. ಟ್ಯಾಪಿಂಗ್ ಮತ್ತು ಆನ್ ಎರಡಕ್ಕೂ ಉದ್ಧರಣ ಚಿಹ್ನೆ ಬೇಕು.

ಕನ್ನಡ ಕಾಣುವುದು, ಕನ್ನಡ ಬರೆಯುವುದು

ವಿಂಡೋ ಮ್ಯಾನೇಜರ್ ಹೋಲಿಕೆಗಳಲ್ಲಿ ಈ ಮಾತು ಬರುವುದೇ ಅಪರೂಪ, ನಮಗೆ ಮಾತ್ರ ಇದು ದಿನನಿತ್ಯದ್ದು. ಕನ್ನಡದಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲದು, ಒತ್ತು ಕೆಳಗೆ ಇಳಿಯಬೇಕು, ಗುಣಿತ ವ್ಯಂಜನದೊಡನೆ ಕೂಡಬೇಕು. ಆ ಕೆಲಸವನ್ನು ಪ್ಯಾಂಗೊ ಎಂಬ ಲೈಬ್ರರಿ ಮಾಡುತ್ತದೆ. ಓಪನ್‌ಬಾಕ್ಸ್, ಐ3, ಸ್ವೇ, ರೋಫಿ ಪ್ಯಾಂಗೊ ಬಳಸುತ್ತವೆ; ಡಿಡಬ್ಲ್ಯುಎಂ, ಡಿಮೆನು, ಎಸ್‌ಟಿ ಬಳಸುವುದಿಲ್ಲ. ಬ್ರೌಸರಿನಲ್ಲಿ "ಅಕ್ಕನ ವಚನ" ಎಂಬ ಪುಟ ತೆರೆದಿದ್ದೀರಿ ಎನ್ನಿ. ಪುಟದೊಳಗೆ ಅಕ್ಷರ ಸರಿಯಾಗಿಯೇ ಇರುತ್ತದೆ, ಡಿಡಬ್ಲ್ಯುಎಂನ ಮೇಲಿನ ಪಟ್ಟಿಯಲ್ಲಿ ಮಾತ್ರ ಕ-ಒತ್ತು ಕೆಳಗಿಳಿಯದೆ ಎರಡು ಕಕಾರಗಳ ನಡುವೆ ವಿರಾಮ ಚಿಹ್ನೆ ಬಿಡಿಯಾಗಿ ನಿಂತಿರುತ್ತದೆ. ಫಾಂಟ್ ಎಷ್ಟು ಬದಲಿಸಿದರೂ ಇದು ಸರಿಹೋಗದು. ಐ3ಯ ಸೆಟ್ಟಿಂಗಿನಲ್ಲಿ ಫಾಂಟ್ ಸಾಲು "ಪ್ಯಾಂಗೊ:" ಎಂದೇ ಶುರುವಾಗಿರಬೇಕು.

ಅಕ್ಷರದ ಜಾಗದಲ್ಲಿ ಚೌಕಗಳೇ ಕಂಡರೆ ಅದು ಫಾಂಟ್ ಇಲ್ಲದ ತೊಂದರೆ. "ಫಾಂಟ್ಸ್-ಕೆಎನ್‌ಡಿಎ" ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಬರುತ್ತವೆ.

ಬರೆಯಲು ಎರಡು ದಾರಿ. ಸರಳವಾದದ್ದು ಎಕ್ಸಿನದೇ ಕೀಲಿಮಣೆ: "ಸೆಟ್‌ಎಕ್ಸ್‌ಕೆಬಿಮ್ಯಾಪ್" ಕಮಾಂಡಿಗೆ ಲೇಔಟ್ "ಯುಎಸ್,ಇನ್" ಎಂದೂ, ವೇರಿಯಂಟ್ ",ಕೆಎಎನ್" ಎಂದೂ, ಆಪ್ಷನ್ "ಜಿಆರ್‌ಪಿ:ಆಲ್ಟ್_ಶಿಫ್ಟ್_ಟಾಗಲ್" ಎಂದೂ ಕೊಟ್ಟು ಆಟೋಸ್ಟಾರ್ಟಿಗೆ ಸೇರಿಸಿ. ವೇರಿಯಂಟಿನ ಮೊದಲಿನ ಅಲ್ಪವಿರಾಮ ಬಿಟ್ಟರೆ ಅದು ಇಂಗ್ಲಿಷ್ ಲೇಔಟಿಗೆ ಅಂಟಿಕೊಂಡು ಕಮಾಂಡ್ ವಿಫಲವಾಗುತ್ತದೆ. ಕಗಪ ವಿನ್ಯಾಸ ಬೇಕಿದ್ದರೆ ವೇರಿಯಂಟ್ ",ಕೆಎಎನ್-ಕಗಪ". ನುಡಿಯಲ್ಲಿ ಬರೆದು ಕೈ ಕುದುರಿದವರಿಗೆ ಎರಡನೆಯ ದಾರಿಯೇ ಹಿತ: "ಐಬಸ್-ಎಂ17ಎನ್" ಮತ್ತು "ಐಎಂ-ಕಾನ್ಫಿಗ್" ಹಾಕಿ, "ಐಎಂ-ಕಾನ್ಫಿಗ್ -ಎನ್ ಐಬಸ್" ಕೊಟ್ಟು, ಮತ್ತೆ ಲಾಗಿನ್ ಆಗಿ, ಐಬಸ್ ಸೆಟ್ಟಿಂಗಿನಲ್ಲಿ ಕನ್ನಡದ ಕೆಜಿಪಿ ಆರಿಸಿ. ಎರಡು ದಾರಿಯನ್ನೂ ಒಟ್ಟಿಗೆ ಹಿಡಿಯಬೇಡಿ. ಐಬಸ್ ಶುರುವಾದಾಗ ನೀವು ಕೊಟ್ಟ ಲೇಔಟನ್ನು ಅಳಿಸಿ ತನ್ನದನ್ನು ಕೂರಿಸುತ್ತದೆ.

ಲಾಗಿನ್ ಪರದೆ ಇಲ್ಲದೆ "ಸ್ಟಾರ್ಟ್‌ಎಕ್ಸ್" ಬಳಸುವವರು ".ಎಕ್ಸ್‌ಇನಿಟ್‌ಆರ್‌ಸಿ" ಬರೆದುಕೊಂಡಿದ್ದರೆ ಡೆಬಿಯನ್ನಿನ ಎಕ್ಸ್‌ಸೆಷನ್ ಸ್ಕ್ರಿಪ್ಟುಗಳು ಓಡುವುದಿಲ್ಲ, ಐಬಸ್ ಏಕೆ ಬರುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಇದರಿಂದಲೇ. ಅದನ್ನು ತೆಗೆದು, "ಎಕ್ಸೆಕ್ ಓಪನ್‌ಬಾಕ್ಸ್-ಸೆಷನ್" ಎಂಬ ಸಾಲನ್ನು ".ಎಕ್ಸ್‌ಸೆಷನ್" ಎಂಬ ಫೈಲಿನಲ್ಲಿಡಿ. ಸ್ವೇ ಬಳಸುವವರಿಗೆ ಬೇರೆ ತೊಡಕು: ಕನ್ನಡ ಲೇಔಟ್ ಚಾಲೂ ಇರುವಾಗ ವಿನ್+ಡಿ ಒತ್ತಿದರೆ ಸ್ವೇಗೆ ಡಿ ಕಾಣುವುದಿಲ್ಲ, ಕನ್ನಡ ಅಕ್ಷರ ಕಾಣುತ್ತದೆ. ಸೆಟ್ಟಿಂಗಿನ ಪ್ರತಿ "ಬೈಂಡ್‌ಸಿಮ್" ಪದ ಆದ ಕೂಡಲೇ "--ಟು-ಕೋಡ್" ಸೇರಿಸಿ.

ಪರದೆಗೆ ಬೀಗ ಬಿದ್ದಾಗ ಗುಪ್ತಪದ ಸರಿಯಿದ್ದರೂ ಒಪ್ಪದಿದ್ದರೆ ಗಾಬರಿ ಬೇಡ. ಕೀಲಿಮಣೆ ಕನ್ನಡದಲ್ಲಿ ಉಳಿದಿರುತ್ತದೆ. ಆಲ್ಟ್+ಶಿಫ್ಟ್ ಒತ್ತಿ ಮತ್ತೆ ಹೊಡೆಯಿರಿ.

ಕೆಟ್ಟಾಗ

ಲಾಗಿನ್ ಆದೊಡನೆ ಮತ್ತೆ ಲಾಗಿನ್ ಪರದೆಯೇ ಬಂದರೆ, ಇಲ್ಲವೇ ಕಪ್ಪು ಪರದೆ ನಿಂತರೆ, ಕಂಟ್ರೋಲ್+ಆಲ್ಟ್+ಎಫ್3 ಒತ್ತಿ. ಅಕ್ಷರದ ಪರದೆ ಬರುತ್ತದೆ, ಅಲ್ಲಿ ಲಾಗಿನ್ ಆಗಿ ".ಎಕ್ಸ್‌ಸೆಷನ್-ಎರರ್ಸ್" ಫೈಲಿನ ಕೊನೆಯ ಇಪ್ಪತ್ತು ಸಾಲು ಓದಿ. ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ. ಏನೂ ತಿಳಿಯದಿದ್ದರೆ ".ಕಾನ್ಫಿಗ್" ಒಳಗಿನ ಓಪನ್‌ಬಾಕ್ಸ್ ಫೋಲ್ಡರಿನ ಹೆಸರು ಬದಲಿಸಿ ಮತ್ತೆ ಲಾಗಿನ್ ಆಗಿ, ಮೂಲ ಸೆಟ್ಟಿಂಗಿನೊಂದಿಗೆ ತೆರೆದುಕೊಂಡರೆ ತಪ್ಪು ನಿಮ್ಮ ಫೈಲಿನಲ್ಲಿದೆ.

ಡಿಡಬ್ಲ್ಯುಎಂ, ಸ್ವೇಗಳಲ್ಲಿ ಜಾವಾದಲ್ಲಿ ಬರೆದ ಪ್ರೋಗ್ರಾಂ ಬರೀ ಬೂದು ಪೆಟ್ಟಿಗೆಯಾಗಿ ತೆರೆದರೆ "_ಜಾವಾ_ಎಡಬ್ಲ್ಯುಟಿ_ಡಬ್ಲ್ಯುಎಂ_ನಾನ್‌ರೀಪೇರೆಂಟಿಂಗ್=1" ಎಂಬುದನ್ನು ದೊಡ್ಡಕ್ಷರದಲ್ಲಿ ಎಕ್ಸ್‌ಪೋರ್ಟ್ ಮಾಡಿ ಆ ಪ್ರೋಗ್ರಾಂ ತೆರೆಯಿರಿ. ವಿಡಿಯೊ ನಡುವೆ ಅಡ್ಡಗೆರೆ ಹರಿದಂತೆ ಕಂಡರೆ ಪೈಕಾಮ್ ಎಂಬ ಕಾಂಪೊಸಿಟರ್ ಹಾಕಿ, ಅದರಲ್ಲಿ ವಿಸಿಂಕ್ ಆನ್ ಮಾಡಿ. ಎಲ್‌ಎಲ್‌ವಿಎಂಪೈಪ್ ಯಂತ್ರವಾದರೆ ಮಾತ್ರ ಪೈಕಾಮ್ ಬೇಡ, ಇರುವ ವೇಗವೂ ಹೋಗುತ್ತದೆ. ಐ3ಯಲ್ಲಿ ಚಿಕ್ಕ ಪೆಟ್ಟಿಗೆಯೊಂದು ಪರದೆ ತುಂಬ ಹರಡಿದರೆ ವಿನ್+ಶಿಫ್ಟ್+ಸ್ಪೇಸ್ ಒತ್ತಿ ತೇಲಿಸಿ. ಪ್ರತಿ ಸಲವೂ ಹಾಗಾಗುತ್ತಿದ್ದರೆ "ಎಕ್ಸ್‌ಪ್ರಾಪ್" ಓಡಿಸಿ ಆ ವಿಂಡೋ ಮೇಲೆ ಒತ್ತಿ, ಡಬ್ಲ್ಯುಎಂ_ಕ್ಲಾಸ್ ಸಾಲಿನ ಎರಡನೆಯ ಹೆಸರನ್ನು "ಫಾರ್_ವಿಂಡೋ" ನಿಯಮಕ್ಕೆ ಹಾಕಿ. ಐ3ಯ "ಎಕ್ಸೆಕ್" ಸಾಲುಗಳಲ್ಲಿ "--ನೋ-ಸ್ಟಾರ್ಟಪ್-ಐಡಿ" ಬಿಟ್ಟರೆ ಮೌಸ್ ಬಾಣ ಒಂದು ನಿಮಿಷ ಗಡಿಯಾರವಾಗಿ ನಿಲ್ಲಬಹುದು, ಅದೇನೂ ದೋಷವಲ್ಲ.

ಹಳೆಯದನ್ನು ತೆಗೆಯುವಾಗ

ಹೊಸ ಸೆಷನ್ನಿನಲ್ಲಿ ಕನಿಷ್ಠ ಎರಡು ವಾರ ಕಳೆಯಿರಿ. ಪ್ರಿಂಟರ್, ಪ್ರೊಜೆಕ್ಟರ್, ಮೊಬೈಲ್ ಹಾಟ್‌ಸ್ಪಾಟ್, ವಿಡಿಯೊ ಕರೆ ಎಲ್ಲವೂ ಒಂದೊಂದು ಸಲ ನಡೆದ ಮೇಲೆ ಮಾತ್ರ ಗ್ನೋಮ್ ತೆಗೆಯುವ ಯೋಚನೆ ಮಾಡಿ. ಅದು ಡಿಸ್ಕಿನಲ್ಲಿ ಸುಮ್ಮನಿದ್ದರೆ ಮೆಮೊರಿಗೇನೂ ಭಾರವಿಲ್ಲ, ಜಾಗ ಸಾಕಷ್ಟಿದ್ದರೆ ಹಾಗೇ ಬಿಡಬಹುದು.

ತೆಗೆಯಲೇಬೇಕೆಂದರೆ ಮೊದಲು ಲೈಟ್‌ಡಿಎಂ ಹಾಕಿ, ಯಾವ ಲಾಗಿನ್ ಪರದೆ ಬೇಕೆಂದು ಕೇಳಿದಾಗ ಅದನ್ನೇ ಆರಿಸಿ. ಇಲ್ಲದಿದ್ದರೆ ಗ್ನೋಮ್ ಜೊತೆ ಅದರ ಲಾಗಿನ್ ಪರದೆಯೂ ಹೋಗುತ್ತದೆ. ಎರಡನೆಯದಾಗಿ "ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ನೆಟ್‌ವರ್ಕ್-ಮ್ಯಾನೇಜರ್" ಕೊಡಿ. ಗ್ನೋಮ್ ಎಳೆದು ತಂದ ಪ್ಯಾಕೇಜ್ ಅದಾಗಿದ್ದರೆ "ಆಟೋರಿಮೂವ್" ಅದನ್ನೂ ಗುಡಿಸಿಹಾಕುತ್ತದೆ, ಆಮೇಲೆ ವೈಫೈ ಇಲ್ಲ, ಮತ್ತೆ ಇಳಿಸಿಕೊಳ್ಳಲು ದಾರಿಯೂ ಇಲ್ಲ. ತೆಗೆಯುವ ಪಟ್ಟಿಯನ್ನು ಆಪ್ಟ್ ತೋರಿಸಿದಾಗ ವೈ ಒತ್ತುವ ಮುಂಚೆ ಪೂರ್ತಿ ಓದಿ.

2 ಜಿಬಿ ಯಂತ್ರಕ್ಕೆ "ಜೆಡ್‌ರ್‍ಯಾಮ್-ಟೂಲ್ಸ್" ಕೂಡ ಹಾಕಿ. "/ಇಟಿಸಿ/ಡಿಫಾಲ್ಟ್/ಜೆಡ್‌ರ್‍ಯಾಮ್‌ಸ್ವಾಪ್" ಫೈಲಿನಲ್ಲಿ ದೊಡ್ಡಕ್ಷರದ "ಪರ್ಸೆಂಟ್" ಸಾಲನ್ನು 50 ಎಂದಿಟ್ಟರೆ 1 ಜಿಬಿ ಅಳತೆಯ ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಜಾಗ) ರ್‍ಯಾಮ್ ಒಳಗೇ ಸಂಕುಚಿತ ರೂಪದಲ್ಲಿ ಸಿದ್ಧವಾಗುತ್ತದೆ. ಡಿಸ್ಕಿಗೆ ಹೋಗಿ ಬರುವ ಕಾಟ ಅಷ್ಟರಮಟ್ಟಿಗೆ ತಪ್ಪುತ್ತದೆ. ಇಷ್ಟಾದ ಮೇಲೆ ರೀಬೂಟ್ ಮಾಡಿ, ಮೂರು ನಿಮಿಷ ಬಿಟ್ಟು, "ಫ್ರೀ -ಎಚ್" ಕೊಟ್ಟು ಮೊದಲ ದಿನ ಬರೆದಿಟ್ಟ ಸಂಖ್ಯೆಯ ಪಕ್ಕದಲ್ಲಿ ಇಂದಿನದನ್ನೂ ಬರೆಯಿರಿ.